ಬ್ರೂಕ್‌ಫೀಲ್ಡಿಗೆ ಹೋದ ಬಂಡಾಯದ ಹಾಡು

ಆಗಸ್ಟ್ ಹದಿನೈದಕ್ಕೆ ಗಾರ್ಮೆಂಟ್ಸಿಗೆ ರಜೆ. ಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ರಜೆ ಅಂದರೆ ಬಟ್ಟೆ ಒಗೆಯುವ ದಿನ. ಬೆಳಿಗ್ಗೆಯೇ ನಲ್ಲಿಯ ಮುಂದೆ ಕೊಡ, ಬಕೆಟ್ಟುಗಳ ಸಾಲು ಹತ್ತಿರುತ್ತದೆ. ನಾನೂ ದುರ್ಗವ್ವನೂ ಆ ಸಾಲಿಗೆ ಬೆನ್ನು ತಿರುಗಿಸಿ, ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟು ಹೊರಟೆವು. ಅವಳ ಹೆಗಲಲ್ಲಿ ಡಪ್ಪು, ನನ್ನ ಕೈಯಲ್ಲಿ ಒಂಟಿ ತಂತಿಯ ತುಂತುಣಿ, ಜೊತೆಗೊಂದು ಬುತ್ತಿಯ ಚೀಲ. ಬ್ರೂಕ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನವರು ನಮ್ಮೂರ ಬಂಡಾಯದ ಗೀಗೀ ಪದ ಹಾಡಲು ಕರೆದಿದ್ದರು. "ಎಲ್ಲಿಗಿ ಹೊಂಟೀರಿ, ಮದುವಿಗೇನು?" ಎಂದು ಓಣಿಯ ಹೆಂಗಸರು ಕೇಳಿದರು. "ಸ್ವಾತಂತ್ರ್ಯ ತರಾಕ" ಎಂದೆ. ನನ್ನ ಬಾಯಿ ಎಂಥದ್ದೆಂದು ಅವರಿಗೆ ಗೊತ್ತಿದ್ದದ್ದೇ, ನಕ್ಕು ಸುಮ್ಮನಾದರು.

ನನ್ನ ಪರಿಚಯ ಇಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಹನುಮವ್ವ. ಘಟಪ್ರಭೆಯ ದಂಡೆಯ ಹಳ್ಳಿಯೊಂದರ ಬೇಡರ ಓಣಿಯವಳು, ಈಗ ಫ್ಯಾಕ್ಟರಿಯಲ್ಲಿ ಅಂಗಿಯ ಕಾಲರ್ ಹೊಲಿಯುವ ಲೈನಿನ ಸೂಪರ್‌ವೈಸರ್. ದುರ್ಗವ್ವ ಅದೇ ಊರಿನ ಕೆಳಗಿನ ಕೇರಿಯವಳು, ನನ್ನದೇ ಲೈನಿನಲ್ಲಿ ಟೈಲರ್, ನನಗಿಂತ ಚಿಕ್ಕವಳು. ಊರಲ್ಲಿ ನಮ್ಮ ಮನೆಗಳ ನಡುವೆ ಒಂದು ಹಳ್ಳ ಇತ್ತು, ಇಲ್ಲಿ ಒಂದು ಗೋಡೆ ಇದೆ. ಊರ ವಾಚನಾಲಯದವರು ಬೆಂಗಳೂರಿನ ಬಗ್ಗೆ ಏನಾದರೂ ಬರೆದು ಕಳಿಸು ಎಂದು ಗಂಟು ಬಿದ್ದಿದ್ದರಿಂದ ಈ ಒಂದು ದಿನದ ಪ್ರಯಾಣವನ್ನು ಬರೆಯುತ್ತಿದ್ದೇನೆ. ಕೊನೆಯ ಭಾಗ ನಮ್ಮ ಓಣಿಯ ಕೆಲವು ಹಿರಿಯರಿಗೆ ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೂ ಪೂರ್ತಿ ಓದಬೇಕು ಎಂದು ಮೊದಲೇ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಹೊಸೂರು ರಸ್ತೆಗೆ ಬಂದಾಗ ಮೋಡ ಕವಿದಿತ್ತು. ತಲೆಯ ಮೇಲೆ ಮೆಟ್ರೊ ರೈಲು ಸರ್ರನೆ ಹೋಯಿತು. ಅದಕ್ಕೆ ದುಡ್ಡು ಕೊಡಬೇಕು. ಕೆಳಗಿನ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಹೆಂಗಸರಿಗೆ ಪುಕ್ಕಟೆ. ನಾವು ಕೆಳಗಿನವರೇ ಆದೆವು. ಸಿಲ್ಕ್ ಬೋರ್ಡ್ ತನಕ ಒಂದು ಬಸ್ಸು, ಅಲ್ಲಿ ಇಳಿದು ರಿಂಗ್ ರಸ್ತೆಯ ಇನ್ನೊಂದು ಬಸ್ಸು. ಎರಡನೆಯದರಲ್ಲಿ ಕಂಡಕ್ಟರ್ ದುರ್ಗವ್ವನ ಡಪ್ಪು ನೋಡಿ ನಿಂತುಬಿಟ್ಟ.

"ಏನಕ್ಕಾ ಇದು, ತಮಟೆನಾ?"

"ಡಪ್ಪು."

"ಒಂದು ಸೀಟು ಹಿಡ್ಕೊಂಡ್ಬಿಟ್ಟಿದೆಯಲ್ಲ ಕಣಕ್ಕ."

"ಅದರದೂ ಆಧಾರ್ ತೋರಸಬೇಕೇನ್ರಿ?" ಎಂದೆ ನಾನು.

"ಹೆಂಗಸ್ರ ಜೊತೆ ಬಂದಿದೆ, ಅದಕ್ಕೂ ಫ್ರೀ ಬಿಡಿ" ಎಂದು ಅವನು ಎರಡು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಒಳ್ಳೆಯ ಮನುಷ್ಯ.

ಅಗರ ದಾಟಿದ ಮೇಲೆ ಬೆಳ್ಳಂದೂರಿನ ತನಕ ಎರಡೂ ಕಡೆ ಗಾಜಿನ ಕಟ್ಟಡಗಳು, ನಡುವೆ ಇನ್ನೂ ಮುಗಿಯದ ಮೆಟ್ರೊ ಕಂಬಗಳು. ರಜೆಯ ದಿನವೂ ಗಾಡಿ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿತ್ತು. ಒಂದು ಕಂಬದ ಬುಡದಲ್ಲಿ ಹಳದಿ ಟೊಪ್ಪಿಗೆಯ ಕೆಲಸಗಾರರು ಜೋಳದ ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ರೊಟ್ಟಿ ಮುರಿಯುವ ರೀತಿ ನೋಡಿಯೇ ನಮ್ಮ ಕಡೆಯವರೆಂದು ಗೊತ್ತಾಯಿತು. ನಮಗೂ ಹೊಟ್ಟೆ ಚುರುಗುಟ್ಟಿತು. ಬಸ್ಸಿನಲ್ಲೇ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಪಕ್ಕದ ಸೀಟಿನ ಹುಡುಗಿ ಚಟ್ನಿಯ ವಾಸನೆಗೆ ತಿರುಗಿ ನೋಡಿದಳು, ಅವಳಿಗೂ ಅರ್ಧ ರೊಟ್ಟಿ ಹೋಯಿತು.

ಬ್ರೂಕ್‌ಫೀಲ್ಡಿನಲ್ಲಿ ಇಳಿಯುವಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಹಸಿಗಾಳಿಗೆ ಡಪ್ಪಿನ ಚರ್ಮ ಜೋತು ಬೀಳುತ್ತದೆ, ಬೆಂಕಿಗೆ ಹಿಡಿದರಷ್ಟೇ ಬಿಗಿಯಾಗುತ್ತದೆ. ದುರ್ಗವ್ವ ಬೆರಳಿಂದ ತಟ್ಟಿ ನೋಡಿ ಮುಖ ಗಂಟು ಹಾಕಿದಳು. ಈ ಗಾಜಿನ ಊರಲ್ಲಿ ಬೆಂಕಿ ಎಲ್ಲಿಂದ ತರುವುದು ಎಂದು ನಾನು ಆಚೆ ಈಚೆ ನೋಡಿದರೆ, ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಆತುಕೊಂಡೇ ಒಂದು ಇಸ್ತ್ರಿ ಗಾಡಿ. ಪೆಟ್ಟಿಗೆ ತುಂಬ ಇದ್ದಿಲು ಕೆಂಪಗೆ ಹೊಳೆಯುತ್ತಿತ್ತು. ಕೇಳಿದೆವು. "ಬನ್ನಿ ಅಕ್ಕ, ಕಾಯಿಸ್ಕೊಳ್ಳಿ. ಸೀದು ಗೀದು ಹೋದ್ರೆ ನನ್ ಮೇಲೆ ಹೇಳ್ಬೇಡಿ ಅಷ್ಟೇ" ಎಂದು ಅವನು ಪೆಟ್ಟಿಗೆಯ ಮುಚ್ಚಳ ತೆಗೆದ. ಸಾಹೇಬರ ಪ್ಯಾಂಟುಗಳ ಪಕ್ಕದಲ್ಲಿ ನಮ್ಮ ಡಪ್ಪು ಬೆಚ್ಚಗಾಗಿ ಠಣ್ ಎಂದಿತು.

ಗೇಟಿನಲ್ಲಿ ನಮ್ಮ ಫೋಟೋ ಹಿಡಿದು, ಮೇಲಿನ ಮನೆಗೆ ಫೋನ್ ಮಾಡಿ ಒಳಗೆ ಬಿಟ್ಟರು. ನಮ್ಮನ್ನು ಕರೆಸಿದ್ದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಮಹಾಂತೇಶ್ ಸಾರ್, ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಮ್ಯಾನೇಜರ್. ಫ್ಯಾಕ್ಟರಿಯ ಹಬ್ಬದಲ್ಲಿ ನಾವು ಹಾಡಿದ ಎರಡು ನುಡಿಯ ವಿಡಿಯೊ ಯಾರೋ ಅವರಿಗೆ ಕಳಿಸಿದ್ದರಂತೆ. ನಮ್ಮ ಕಡೆಯ ಮಾತು, ನಮ್ಮ ಕಡೆಯ ಹಾಡು ಎಂದು ಖುಷಿಯಾಗಿ ಕರೆದಿದ್ದರು. ಬಾಗಿಲಿಗೆ ತಾವೇ ಬಂದು ಕೈ ಮುಗಿದರು. ಒಳಗೆ ಸೋಫಾದ ಮೇಲೆ ಅವರ ತಾಯಿ ನೀಲಮ್ಮ, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಡಿಲಲ್ಲಿ ಮೊಬೈಲು. "ಬರ್ರಿ ಅವಾ, ಕುಂದರ್ರಿ, ಮಳ್ಯಾಗ ನೆಂದೀರಿ" ಎಂದರು. ಬಿಸಿ ಚಹಾ, ಮಂಡಕ್ಕಿ ಒಗ್ಗರಣೆ ಬಂತು. ಇಬ್ಬರಿಗೂ ಒಂದೇ ತರದ ಲೋಟ, ಒಂದೇ ಸೋಫಾ. ಇದನ್ನು ಬರೆಯುವುದೇಕೆ ಎಂದು ದುರ್ಗವ್ವನ ಕೇರಿಯವರು ಕೇಳುವುದಿಲ್ಲ, ಅವರಿಗೆ ಗೊತ್ತು.

ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ಒಮ್ಮೆ ಹಾಡಿ ತೋರಿಸಿ ಎಂದು ಮಹಾಂತೇಶ್ ಸಾರ್ ಬಾಲ್ಕನಿಗೆ ಕರೆದುಕೊಂಡು ಹೋದರು. ಹಾಡಿದೆವು. ಕಂಪನಿ ಸರಕಾರ 'ಹತ್ಯಾರ ತಂದು ಒಪ್ಪಿಸಿ' ಎಂದು ಹುಕುಮು ಕಳಿಸಿದ್ದು, ಬೇಟೆಯಾಡಿ ಬದುಕುವ ನಮ್ಮವರು ಕೊಡುವುದಿಲ್ಲ ಎಂದದ್ದು, ರಾತ್ರೋರಾತ್ರಿ ದಂಡು ಬಂದು ಓಣಿಗೆ ಬೆಂಕಿ ಇಟ್ಟದ್ದು, ಸಿಕ್ಕವರನ್ನು ಸಂತೆಯ ದಿನ ಸಂತೆಯಲ್ಲೇ ಗಲ್ಲಿಗೆ ಹಾಕಿದ್ದು. ಸಾರ್ ಕಣ್ಣಲ್ಲಿ ನೀರಿತ್ತು. ಆಮೇಲೆ ಈ ನುಡಿ ಬಂತು:

ಕತ್ತಲ ಕಣಿವಿಯ ದಾರಿಯು ಕಾಣದೆ ದಂಡು ನಿಂತಿತ್ತ
ದೊಡ್ಡ ಮನಿಯಾ ದೀವಿಗಿ ಬಂದು ಬಾಗಿಲ ತೋರಿತ್ತ

ಅವರ ಮುಖದ ಬಣ್ಣ ಇಳಿಯಿತು. "ದೊಡ್ಡ ಮನಿ ಅಂದ್ರ ಯಾವ್ದು?" ಎಂದರು.

"ಊರ ಗೌಡರ ಮನಿ ರೀ. ದಂಡಿನವರಿಗೆ ದೀಪ ಹಿಡಿದು ನಮ್ಮ ಮನಿ ತೋರಿಸಿದ್ದು ಅವರ."

ಆಮೇಲೆ ಅವರೇ ಹೇಳಿದರು. "ಅದು ನಮ್ಮ ಮನಿ ರೀ ಹನುಮವ್ವ. ನಾ ಸಣ್ಣಾವ ಇದ್ದಾಗ ಊರು ಬಿಟ್ಟು ದಾವಣಗೆರಿಗೆ ಹೋದ್ವಿ. ಈ ಹಾಡು ಎಲ್ಲಾ ಕಡೆ ಹಾಡ್ತಾರ, ನೀವೂ ಅದs ಊರಿನವರು ಅಂತ ನನಗ ಗೊತ್ತಿರಲಿಲ್ಲ." ಮತ್ತೆ ದನಿ ತಗ್ಗಿಸಿದರು. "ನನ್ನ ಮಗಳು ಶಾಲ್ಯಾಗ ಈ ಬಂಡಾಯದ ಮ್ಯಾಲ ಪ್ರಾಜೆಕ್ಟ್ ಮಾಡ್ಯಾಳ. ನಮ್ಮ ಮನಿ ಹಿರಿಯರೂ ಹೋರಾಡಿದ್ರು ಅಂತ ಬರದಾಳ. ಇವತ್ತ ಮುಂದಿನ ಸಾಲಿನಾಗ ಕೂತಿರ್ತಾಳ. ಅದೊಂದು ನುಡಿ ಬಿಟ್ಟುಬಿಡ್ರಿ. ಉಳಿದದ್ದೆಲ್ಲಾ ಹಾಡ್ರಿ."

ನನಗೆ ಮೈ ಉರಿದುಹೋಯಿತು. ಅನ್ನ ಹಾಕಿದ ಮನೆ ಎಂದು ನಾಲಿಗೆ ಹಿಡಿದೆ. "ಸಾರ್, ನೀವು ಒಳ್ಳೇವ್ರು. ಆದ್ರ ಈ ಹಾಡಿನಾಗ ನುಡಿ ಬಿಡೂದು ನಮ್ಮ ಮನಿತನದಾಗ ಇಲ್ಲ. ಹಾಡಿದ್ರ ಪೂರ್ತಿ, ಇಲ್ಲಂದ್ರ ಇಲ್ಲ" ಎಂದೆ. ಎದೆ ಉಬ್ಬಿಸಿಯೇ ಹೇಳಿದೆ. ದುರ್ಗವ್ವ ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ಮಕ್ಕಳು ಆಡುವುದನ್ನು ನೋಡುತ್ತ ನಿಂತಳು, ನನ್ನ ಕಡೆ ತಿರುಗಲಿಲ್ಲ.

ಯಾಕೆಂದರೆ ನಾನು ಹೇಳಿದ್ದು ಸುಳ್ಳು. ಹಾಡಿನಲ್ಲಿ ನಾವು ಬಿಡುವ ನುಡಿ ಒಂದಿದೆ. ನನ್ನ ಸೋದರತ್ತೆ ಅದನ್ನು ನನಗೆ ಕಲಿಸಿದ್ದು ಕಿವಿಯಲ್ಲಿ, ದನಿ ಎತ್ತದೆ. ಅವಳಿಗೆ ಕಲಿಸಿದವರೂ ಹಾಗೆಯೇ. ನುಡಿ ಸಾಯಬಾರದು, ಆದರೆ ಮಂದಿಯ ಮುಂದೆ ಬರಬಾರದು ಎಂಬುದು ನಮ್ಮ ಓಣಿಯ ಕಟ್ಟಳೆ. ಅದು ಡಂಗುರದವನ ನುಡಿ. ಕಂಪನಿಯ ಹುಕುಮನ್ನು ಗೌಡರ ಮಾತಿನಂತೆ ಊರಿಗೆ ಸಾರಿದವನು ಕೆಳಗಿನ ಕೇರಿಯ ಒಬ್ಬ ಬಡವ. ಸಿಟ್ಟಿನ ಭರದಲ್ಲಿ ನಮ್ಮವರು ಕಂಪನಿಯವರ ಮೇಲೆ ಕತ್ತಿ ಎತ್ತುವ ಮೊದಲು ಅವನನ್ನು ಕಡಿದರು. ಅವನ ಕೇರಿಯವಳೇ ನನ್ನ ಪಕ್ಕದಲ್ಲಿ ಡಪ್ಪು ಬಾರಿಸುತ್ತಾಳೆ. ಅವಳ ಮುಂದೆ ಆ ನುಡಿ ನಾನು ಎಂದೂ ಹಾಡಿಲ್ಲ. ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯವೂ ಬಂದಿರಲಿಲ್ಲ.

ಮಹಾಂತೇಶ್ ಸಾರ್ ಜಗಳ ಆಡಲಿಲ್ಲ. "ನಿಮ್ಮಿಷ್ಟ. ನಾ ಕೇಳಿಕೊಂಡೀನಿ, ಅಷ್ಟ" ಎಂದು ಒಳಗೆ ಹೋದರು. ಅವರ ತಾಯಿ ಎಲ್ಲ ಕೇಳಿಸಿಕೊಂಡಿದ್ದರು ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸೆರಗು ಸರಿಮಾಡಿಕೊಂಡು ನಮ್ಮ ಜೊತೆಯೇ ಲಿಫ್ಟಿನಲ್ಲಿ ಕೆಳಗೆ ಬಂದರು.

ಸಭಾಂಗಣ ತುಂಬಿತ್ತು. ಕೆನ್ನೆಗೆ ಮೂರು ಬಣ್ಣ ಬಳಿದುಕೊಂಡ ಮಕ್ಕಳು, ತಮಿಳು, ತೆಲುಗು, ಹಿಂದಿ ಎಲ್ಲ ಭಾಷೆಯ ಜನ. ನಮ್ಮ ಮಾತು ಎಷ್ಟು ಮಂದಿಗೆ ತಿಳಿಯುತ್ತದೋ ಎಂಬ ಅನುಮಾನ ನನಗಿತ್ತು. ಆದರೆ ಡಪ್ಪಿನ ಮೊದಲ ಪೆಟ್ಟಿಗೇ ಎಲ್ಲರ ಮಾತು ನಿಂತಿತು. ಇಸ್ತ್ರಿಯವನ ಇದ್ದಿಲಿಗೆ ಒಳ್ಳೆಯದಾಗಲಿ. ನಾನು ಒಂದೊಂದು ನುಡಿ ಮುಗಿಸಿದಾಗಲೂ ದುರ್ಗವ್ವ 'ಗೀ ಗೀ' ಎಂದು ಸೊಲ್ಲು ಎತ್ತುತ್ತಿದ್ದಳು, ನಾಲ್ಕನೆಯ ನುಡಿಗೆ ಮಕ್ಕಳೂ ಎತ್ತತೊಡಗಿದರು. ಗಲ್ಲಿನ ನುಡಿ ಹಾಡುವಾಗ ನನಗೆ ರೋಮ ನಿಂತಿತು. ಸತ್ತವರ ಓಣಿಯ ಹೆಣ್ಣು ನಾನು, ಇಷ್ಟು ದೊಡ್ಡ ಕಟ್ಟಡದಲ್ಲಿ ಇಷ್ಟು ಜನರ ಮುಂದೆ ಅವರ ಸುದ್ದಿ ಹೇಳುತ್ತಿದ್ದೇನೆ ಎಂದು ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ದೀಪದ ನುಡಿಗೆ ಬಂದೆ.

ಇಲ್ಲಿ ನಮ್ಮೂರ ಒಂದು ಪದ್ಧತಿ ಹೇಳಬೇಕು. ಕಾರಹುಣ್ಣಿಮೆಯ ಸಂಜೆ ಊರಲ್ಲಿ ಈ ಹಾಡು ಹಾಡುವಾಗ, ದೀಪದ ನುಡಿ ಬಂದ ಕೂಡಲೇ ಗೌಡರ ಮನೆತನದವರೊಬ್ಬರು ಕಂದೀಲು ಹಿಡಿದು ಬಂದು ಹಾಡುವವರ ಎದುರು ನಿಲ್ಲಬೇಕು. ಅಂದು ದಂಡಿಗೆ ಹಿಡಿದ ದೀಪವನ್ನು ಇಂದು ನಮಗೆ ಹಿಡಿಯಬೇಕು. ಯಾರೂ ಬೈಯುವುದಿಲ್ಲ, ಯಾರೂ ನಗುವುದಿಲ್ಲ. ನುಡಿ ಮುಗಿದ ಮೇಲೆ ದೀಪ ಹಿಡಿದವರು ತಮಗೆ ಬೇಕಾದ ಒಂದು ನುಡಿ ಕೇಳಬಹುದು. ಹಾಡುವವರು ಇಲ್ಲ ಅನ್ನುವ ಹಾಗಿಲ್ಲ. ನಾನು ಕಂಡ ಹಾಗೆ ಎಲ್ಲರೂ ಶಿವನ ಮೇಲಿನದೊಂದು ಕೇಳಿ, ಕೈ ಮುಗಿದು ಹೋಗುತ್ತಾರೆ.

ನಾನು ಮೊದಲ ಸಾಲು ಮುಗಿಸುವಷ್ಟರಲ್ಲಿ ಮುಂದಿನ ಕುರ್ಚಿಯಿಂದ ನೀಲಮ್ಮ ಎದ್ದರು. ಮೊಬೈಲಿನ ಬ್ಯಾಟರಿ ದೀಪ ಹಚ್ಚಿದರು. ಅದನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ಬಂದು ನನ್ನ ಎದುರು ನಿಂತರು. ಮಹಾಂತೇಶ್ ಸಾರ್ "ಅವ್ವಾ" ಎನ್ನುತ್ತ ಓಡಿ ಬಂದರು. "ನೀ ಕುಂಡ್ರು. ಮದುವ್ಯಾಗಿ ಬಂದ ವರ್ಷ ನಾನs ಹಿಡದೀನಿ ಇದನ್ನ. ಮರತಿಲ್ಲ" ಎಂದರು. ಮೊಮ್ಮಗಳು ಏನೂ ತಿಳಿಯದೆ ಎದ್ದು ಬಂದು ಅಜ್ಜಿಯ ಮೊಣಕೈ ಹಿಡಿದು ನಿಂತಳು. ನಾನು ಎರಡನೆಯ ಸಾಲು ಹಾಡಿದೆ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಕೈ ಮುಗಿದು ಕೂರುತ್ತಾರೆ ಎಂದುಕೊಂಡರೆ ನೀಲಮ್ಮ ನಿಂತೇ ಇದ್ದರು. "ಒಂದು ನುಡಿ ಕೇಳೂದು ಐತಿ" ಎಂದರು.

"ಕೇಳ್ರಿ ಅವ್ವಾರ."

"ಡಂಗುರದವನ ನುಡಿ ಹಾಡವಾ. ನಿಮ್ಮಲ್ಲೆ ಐತಿ ಅಂತ ನಮ್ಮ ಅತ್ತಿ ಹೇಳತಿದ್ರು."

ತುಂತುಣಿಯ ತಂತಿಯಿಂದ ಕೈ ತೆಗೆದೆ. ಮುದುಕಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದೇ ಮೊದಲು ಅನ್ನಿಸಿತು. ಇಲ್ಲ ಅನ್ನುವ ಹಾಗಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು, ಆ ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. ಬಾಲ್ಕನಿಯಲ್ಲಿ ನಾನೇ ಕೊಚ್ಚಿಕೊಂಡ ಮಾತು ಕಿವಿಯಲ್ಲಿತ್ತು. ನಾನು ನಿಂತದ್ದು ನೋಡಿ ನೀಲಮ್ಮನೇ ಮತ್ತೆ ಹೇಳಿದರು. "ಅವನ ಕೈಯಾಗ ಡಂಗುರ ಕೊಟ್ಟು ಕಳಿಸಿದ್ದೂ ನಮ್ಮ ಮನಿನs. ಅದಕ್ಕೂ ನಾ ನಿಂತೀನಿ. ಹಾಡು."

ನಾನು ದುರ್ಗವ್ವನ ಕಡೆ ತಿರುಗಿದೆ. ಅವಳು ಡಪ್ಪಿನ ಮೇಲೆ ಕಣ್ಣು ನೆಟ್ಟಿದ್ದಳು. ಕ್ಷಮೆ ಕೇಳಲೋ, ಅಪ್ಪಣೆ ಕೇಳಲೋ ತಿಳಿಯಲಿಲ್ಲ. ಅವಳು ತಲೆ ಎತ್ತದೆ ಒಂದು ಪೆಟ್ಟು ಹಾಕಿದಳು, ತಾಳ ಶುರು ಮಾಡುವ ಪೆಟ್ಟು. "ಹಾಡ ಯಕ್ಕಾ" ಎಂದಳು.

ಕಿವಿಯಲ್ಲಿ ಕಲಿತದ್ದನ್ನು ಗಂಟಲಲ್ಲಿ ತರುವುದು ಕಷ್ಟ. ಶ್ರುತಿ ಎಲ್ಲಿ ಹಿಡಿಯಬೇಕೆಂದೂ ನನಗೆ ಗೊತ್ತಿರಲಿಲ್ಲ.

ಹೊಟ್ಟೀ ಪಾಡಿಗೆ ಡಂಗುರದವನು ಸಾರುತ ನಡೆದಿದ್ದ
ನಮ್ಮ ಕತ್ತಿಯ ಮೊದಲಿನ ಏಟಿಗೆ ಅವನೇ ಮಡಿದಿದ್ದ

ದುರ್ಗವ್ವ ಡಪ್ಪು ಬಿಡಲಿಲ್ಲ, ತಾಳ ತಪ್ಪಲಿಲ್ಲ. ಆದರೆ ನುಡಿ ಮುಗಿದಾಗ ಸೊಲ್ಲು ಎತ್ತಲಿಲ್ಲ. ಮಕ್ಕಳು 'ಗೀ ಗೀ' ಎನ್ನಲು ಬಾಯಿ ತೆರೆದು, ಅವಳ ಮುಖ ನೋಡಿ ಸುಮ್ಮನಾದರು. ನೀಲಮ್ಮ ಬ್ಯಾಟರಿ ಆರಿಸಿ, ನಮ್ಮಿಬ್ಬರಿಗೂ ಕೈ ಮುಗಿದು, ಮೊಮ್ಮಗಳನ್ನು ಹಿಡಿದುಕೊಂಡು ಹೋಗಿ ಕೂತರು. ಉಳಿದ ನುಡಿಗಳನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಮಾತ್ರ ನೆನಪಿದೆ.

ಆಮೇಲೆ ಊಟ ಹಾಕಿದರು. ಪೂರಿ, ಪಲಾವು, ಜಾಮೂನು. ದುರ್ಗವ್ವ ಚೆನ್ನಾಗಿಯೇ ಉಂಡಳು, ನಾನು ಅರ್ಧಕ್ಕೇ ಕೈ ತೊಳೆದೆ. ಮಹಾಂತೇಶ್ ಸಾರ್ ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದರು, ನಾನು ಬೇಡವೆಂದೆ. ಆದರೂ ಕೇಳದೆ ತುಂತುಣಿ ಕೈಗೆ ತೆಗೆದುಕೊಂಡು, ಛತ್ರಿ ಹಿಡಿದು ಬಸ್ ಸ್ಟಾಪಿನ ತನಕ ಬಂದರು. ದಾರಿಯಲ್ಲಿ ಇಷ್ಟೇ ಹೇಳಿದರು: "ಮಗಳು ಆಗಲೇ ಅಜ್ಜಿ ಹತ್ರ ಕೂತಾಳ. ಕೇಳಾಕತ್ತಾಳ. ಅವ್ವ ಹೇಳಾಕತ್ತಾಳ." ಬಸ್ಸು ಬರುವ ತನಕ ನಿಂತಿದ್ದು, ತುಂತುಣಿಯನ್ನು ಕಿಟಕಿಯಿಂದ ಒಳಗೆ ಕೊಟ್ಟರು.

ಮಾರತ್ತಹಳ್ಳಿ ದಾಟಿದೆವು. ಸಂಜೆಯಾಗುತ್ತಿತ್ತು, ಮಳೆ ನಿಂತಿತ್ತು, ಬಸ್ಸಿನಲ್ಲಿ ಬಾವುಟ ಹಿಡಿದ ಮಕ್ಕಳು ತೂಕಡಿಸುತ್ತಿದ್ದರು. ಇವಳು ನಾಳೆಯಿಂದ ನನ್ನ ಪಕ್ಕದಲ್ಲಿ ಕೂರುತ್ತಾಳೋ ಇಲ್ಲವೋ, ಡಪ್ಪು ಮುಟ್ಟುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ನಿನಗ ಗೊತ್ತಿತ್ತೇನ ದುರ್ಗಿ?"

"ಗೊತ್ತಿಲ್ದ ಏನ ಯಕ್ಕಾ? ಸತ್ತಾವ ನಮ್ಮ ಮನಿಯವನs."

"ಮತ್ತ ಇಷ್ಟ ದಿನ ಯಾಕ ಬಾಯಿ ಬಿಡಲಿಲ್ಲ?"

"ಹಾಡು ನಿಮ್ಮದು. ನೀವs ಹಾಡಬೇಕಲ್ಲ" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಮುಲಾಜೂ ಇರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಕೊಸರಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಮಾತು ತೆಗೆದಳು. "ನುಡಿ ಚೊಲೊ ಐತಿ. ಒಂದ ಕೊರತಿ. ಸಂತ್ಯಾಗ ಗಲ್ಲಿಗೆ ಹೋದ ನಿಮ್ಮವರದೆಲ್ಲಾ ಹೆಸರು ಹಾಡ್ತಿ. ಅವಗ ಮಾತ್ರ ಡಂಗುರದವ ಅಂತಿ. ಅವಗೂ ಹೆಸರಿತ್ತು."

"ಏನು?"

"ದ್ಯಾಮಪ್ಪ. ಕೆಂಚವ್ವನ ಮಗ ದ್ಯಾಮಪ್ಪ. ನಮ್ಮ ಮನ್ಯಾಗ ಇವತ್ತಿಗೂ ಹಂಗs ಹೇಳತಾರ."

ನಾನು ಮನಸ್ಸಿನಲ್ಲೇ ಸಾಲಿಗೆ ಕೂಡಿಸಿ ನೋಡಿದೆ. "ಉದ್ದ ಆಗತೈತಿ ದುರ್ಗಿ, ಸಾಲಿನಾಗ ಕುಂದರೂದಿಲ್ಲ. ಬರೇ ದ್ಯಾಮ ಅನ್ನಲೇನ?"

"ಮೋಟು ಮಾಡಬ್ಯಾಡ" ಎಂದಳು. "ಪೂರ್ತಿ ಹೇಳು. ನಾ ಡಪ್ಪಿನಾಗ ಒಂದು ಸುತ್ತು ಹೆಚ್ಚಿಗಿ ಹಾಕ್ತೀನಿ."

ಇದನ್ನು ಓದುವ ನಮ್ಮ ಓಣಿಯ ಹಿರಿಯರಿಗೆ ಒಂದು ಮಾತು. ನಮ್ಮವರು ಹೆದರಲಿಲ್ಲ, ಸುಟ್ಟರೂ ಬಾಗಲಿಲ್ಲ ಎಂಬ ಹೆಮ್ಮೆ ನನಗೆ ಮೊದಲಿದ್ದಷ್ಟೇ ಇದೆ, ಒಂದು ಗುಲಗಂಜಿಯೂ ಕಡಿಮೆಯಾಗಿಲ್ಲ. ಅಂಥವರ ಮೊಮ್ಮಕ್ಕಳು ನಾವು ಒಂದು ನುಡಿಗೆ ಹೆದರುವುದು ನನಗೆ ಸರಿ ಕಾಣಲಿಲ್ಲ. ಬರುವ ಕಾರಹುಣ್ಣಿಮೆಗೆ ಇಬ್ಬರೂ ಊರಿಗೆ ಬರುತ್ತೇವೆ, ಆ ನುಡಿ ಹಾಡುತ್ತೇವೆ. ಆಗ ದೀಪ ಹಿಡಿದು ನಿಲ್ಲುವ ಸರದಿ ಬೇಡರ ಓಣಿಯದು. ಯಾರೂ ಏಳದಿದ್ದರೆ ನಾನೇ ಒಂದು ಕೈಯಲ್ಲಿ ಕಂದೀಲು ಹಿಡಿದು ಹಾಡುತ್ತೇನೆ.

ಬೆಳ್ಳಂದೂರಿನ ಹತ್ತಿರ ಬಸ್ಸು ಅಲ್ಲಾಡದೆ ನಿಂತಿತು. ಮುಂದೆ ಕಣ್ಣು ಹಾಯುವಷ್ಟೂ ಕೆಂಪು ದೀಪ. ದುರ್ಗವ್ವ ಡಪ್ಪನ್ನು ತೊಡೆಯ ಮೇಲೆ ಎಳೆದುಕೊಂಡು ನನ್ನ ಮುಖ ನೋಡಿದಳು. ಜನ ಏನಂದುಕೊಳ್ಳುತ್ತಾರೋ ಎಂದು ಒಂದು ಗಳಿಗೆ ಅನ್ನಿಸಿತು, ಆಮೇಲೆ ಅನ್ನಿಸಲಿಲ್ಲ. 'ಹೊಟ್ಟೀ ಪಾಡಿಗೆ ಕೆಂಚವ್ವನ ಮಗ ದ್ಯಾಮಪ್ಪ ಸಾರುತ ನಡೆದಿದ್ದ' ಎಂದು ಗಟ್ಟಿಯಾಗಿ ಎತ್ತಿಕೊಂಡೆ. ತೂಕಡಿಸುತ್ತಿದ್ದವರು ಎದ್ದು ನೋಡಿದರು, ಡ್ರೈವರ್ ಕನ್ನಡಿಯಲ್ಲಿ ನೋಡಿದ. ದುರ್ಗವ್ವ ಹೇಳಿದಂತೆ ಒಂದು ಸುತ್ತು ಹೆಚ್ಚಿಗೆ ಬಾರಿಸಿದಳು. ನಾನು ಎರಡನೆಯ ಸಾಲು ಮುಗಿಸಿ ಉಸಿರು ಹಿಡಿದು ಕಾದೆ. ಅವಳು ಕತ್ತು ಮೇಲೆತ್ತಿ ಸೊಲ್ಲು ಎತ್ತಿದಳು.